ಇನ್ನಷ್ಟು ಬಿಗಿ, ಇನ್ನಷ್ಟು ಟೇಪು, ಇನ್ನೂ ದೊಡ್ಡ ಟ್ಯಾಂಕು

(ಮನೆಯ ನಲ್ಲಿ, ಪೈಪುಗಳ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳನ್ನು ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಲ್ಲಿ ತೊಟ್ಟಿಕ್ಕುತ್ತಿದ್ದರೆ ಇನ್ನೂ ಗಟ್ಟಿಯಾಗಿ ತಿರುಗಿಸುತ್ತೇವೆ. ಜಾಯಿಂಟು ಒಸರಿದರೆ ಇನ್ನೆರಡು ಸುತ್ತು ಟೇಪು ಹಾಕುತ್ತೇವೆ. ನೀರು ಸಣ್ಣಗೆ ಬಂದರೆ ಇನ್ನೂ ದೊಡ್ಡ ಟ್ಯಾಂಕ್ ಇಡಿಸುವ ಯೋಚನೆ ಬರುತ್ತದೆ. ಸಿಂಕ್ ಕಟ್ಟಿಕೊಂಡರೆ ಪೈಪು ಬಿಡಿಸುವ ಪುಡಿಯನ್ನು ಇನ್ನೊಂದು ಪೊಟ್ಟಣ ಸುರಿಯುತ್ತೇವೆ. ಈ ‘ಇನ್ನಷ್ಟು’ ಎಂಬ ನಂಬಿಕೆಯಿಂದ ಕೆಟ್ಟುಹೋದ ನಲ್ಲಿ, ಬಿರಿದ ಪೈಪು, ತೇವ ಹಿಡಿದ ಗೋಡೆ ಲೆಕ್ಕವಿಲ್ಲದಷ್ಟು. ನೀರು ಬಲಕ್ಕೆ ಬಗ್ಗುವ ವಸ್ತುವಲ್ಲ. ಅದು ಕೇಳುವುದು ಎತ್ತರ, ಪೈಪಿನ ಒಳಗಿನ ಘರ್ಷಣೆ, ಗಾಳಿ, ಶಾಖ ಇವುಗಳ ಮಾತನ್ನು. ಆದ್ದರಿಂದ ಇಂದು ಒಂದೊಂದೇ ನಂಬಿಕೆಯನ್ನು ತೆಗೆದುಕೊಂಡು, ಒಳಗೆ ನಿಜವಾಗಿ ಏನು ನಡೆಯುತ್ತದೆ, ಏನು ಮಾಡಿದರೆ ಸರಿಹೋಗುತ್ತದೆ ಎಂದು ನೋಡೋಣ.

ಟ್ಯಾಂಕ್ ದೊಡ್ಡದಾದರೆ ರಭಸ ಹೆಚ್ಚುವುದಿಲ್ಲ

ಮಾಳಿಗೆಯ ಮೇಲಿನ 500 ಲೀಟರ್ ಟ್ಯಾಂಕ್ ತೆಗೆದು, ಅದೇ ಜಾಗದಲ್ಲಿ 2,000 ಲೀಟರಿನದನ್ನು ಇಟ್ಟರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆಂದು ಬಹಳ ಜನ ನಂಬುತ್ತಾರೆ. ಬರುವುದಿಲ್ಲ. ನಲ್ಲಿಯ ಬಾಯಿಗೆ ಸಿಗುವ ಒತ್ತಡವನ್ನು ತೀರ್ಮಾನಿಸುವುದು ಟ್ಯಾಂಕಿನೊಳಗಿನ ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಮೇಲಿದೆ ಎನ್ನುವುದು ಮಾತ್ರ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ, ಪ್ರತಿ ಮೀಟರಿಗೆ 0.1 ಬಾರ್. ಷವರ್‌ಗಿಂತ ನೀರಿನ ಮಟ್ಟ 2 ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.2 ಬಾರ್. ಟ್ಯಾಂಕ್ ಹಂಡೆಯಷ್ಟಿರಲಿ, ಕೊಳದಷ್ಟಿರಲಿ, ಅದು 0.2 ಬಾರೇ. ಅಗಲದ ಟ್ಯಾಂಕಿಗಿಂತ ಎತ್ತರದ ಟ್ಯಾಂಕಿನಲ್ಲಿ ನೀರಿನ ಮಟ್ಟ ಸ್ವಲ್ಪ ಮೇಲಿರುತ್ತದೆ, ಅಷ್ಟರಮಟ್ಟಿಗೆ ಲಾಭ. ನಾಲ್ಕು ಪಟ್ಟು ನೀರು ಹಿಡಿಸುವ ಬದಲು ಅದೇ ಟ್ಯಾಂಕನ್ನು ಒಂದು ಮೀಟರ್ ಎತ್ತರದ ಕಟ್ಟೆಯ ಮೇಲೆ ಕೂರಿಸಿದರೆ 2 ಮೀಟರಿನ ಎತ್ತರ 3 ಆಗುತ್ತದೆ, ಒತ್ತಡ ಒಂದೂವರೆ ಪಟ್ಟು ಆಗುತ್ತದೆ. ಕಟ್ಟೆ ಕಟ್ಟಿಸುವಾಗ ಒಂದು ಎಚ್ಚರ: 1,000 ಲೀಟರ್ ನೀರೆಂದರೆ ಒಂದು ಟನ್ ಭಾರ. ಅದು ಕೆಳಗಿನ ಗೋಡೆ ಅಥವಾ ತೊಲೆಯ ಮೇಲೆ ಇಳಿಯಬೇಕು, ಬರೀ ತಾರಸಿಯ ನಡುಮಧ್ಯಕ್ಕಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆ, ‘ಪೈಪು ಸಣ್ಣದಾದಷ್ಟೂ ನೀರು ಜೋರು’ ಎಂಬುದು. ತೋಟದ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುವುದನ್ನು ನೋಡಿ ಹುಟ್ಟಿದ ನಂಬಿಕೆಯಿದು. ಅಲ್ಲಿ ಆಗುವುದೇ ಬೇರೆ. ಬೆರಳಿಟ್ಟಾಗ ಹರಿಯುವ ನೀರಿನ ಪ್ರಮಾಣ ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದ್ದರಿಂದ ಉದ್ದ ಕೊಳವೆಯೊಳಗೆ ಘರ್ಷಣೆಗೆ ಕಳೆದುಹೋಗುತ್ತಿದ್ದ ಒತ್ತಡ ಉಳಿದು, ಕಿರಿದಾದ ಬಾಯಲ್ಲಿ ವೇಗವಾಗಿ ಹೊರಬರುತ್ತದೆ. ಕಿರಿದಾದದ್ದು ಕೊನೆಯ ಬಾಯಿ ಮಾತ್ರ. ಇಡೀ ಕೊಳವೆಯನ್ನೇ ಕಿರಿದು ಮಾಡಿದರೆ ವೇಗವೂ ಇಲ್ಲ, ನೀರೂ ಇಲ್ಲ.

ಲೆಕ್ಕ ನೋಡಿ. ಒಳವ್ಯಾಸ 15 ಮಿ.ಮೀ. ಇರುವ ನುಣುಪಾದ ಪ್ಲಾಸ್ಟಿಕ್ ಪೈಪಿನಲ್ಲಿ ನಿಮಿಷಕ್ಕೆ 12 ಲೀಟರ್ ಹರಿಯುತ್ತಿದೆ ಎನ್ನೋಣ. ಪ್ರತಿ 10 ಮೀಟರ್ ಉದ್ದಕ್ಕೆ ಸುಮಾರು 1 ಮೀಟರ್ ಎತ್ತರದಷ್ಟು ಒತ್ತಡ ಘರ್ಷಣೆಗೇ ಹೋಗುತ್ತದೆ. ನಿಮ್ಮ ಬಳಿ ಇದ್ದದ್ದೇ 2 ಮೀಟರ್, ಅರ್ಧ ಖರ್ಚಾಯಿತು. ಅದೇ ಹರಿವು 20 ಮಿ.ಮೀ. ಒಳವ್ಯಾಸದ ಪೈಪಿನಲ್ಲಿದ್ದರೆ ನಷ್ಟ ಕಾಲು ಮೀಟರ್ ಮಾತ್ರ. ವ್ಯಾಸ ಮೂರನೇ ಒಂದರಷ್ಟು ಹೆಚ್ಚಿದರೆ ನಷ್ಟ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ, ಏಕೆಂದರೆ ಘರ್ಷಣೆಯ ನಷ್ಟ ವ್ಯಾಸದ ಹೆಚ್ಚುಕಡಿಮೆ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಇದರ ಮೇಲೆ ಪ್ರತಿ ಎಲ್ಬೋವನ್ನೂ (ಪೈಪನ್ನು ತಿರುಗಿಸುವ ಮೊಣಕೈಯಂಥ ತುಂಡು) ಸುಮಾರು ಅರ್ಧ ಮೀಟರ್ ಹೆಚ್ಚುವರಿ ಪೈಪು ಎಂದು ಲೆಕ್ಕ ಹಾಕಿ. ಹತ್ತು ಎಲ್ಬೋ ತಿರುಗಿಸಿ ತಂದ ಲೈನು 5 ಮೀಟರ್ ಹೆಚ್ಚು ಉದ್ದದ ಲೈನಿದ್ದಂತೆ. ಹೀಗಾಗಿ ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪು ದಪ್ಪಗಿರಬೇಕು, ಕೊನೆಯ ಒಂದೆರಡು ಮೀಟರ್ ಮಾತ್ರ ಅರ್ಧ ಇಂಚಿಗೆ ಇಳಿಯಬೇಕು. ದಪ್ಪ ಪೈಪು ಒತ್ತಡವನ್ನು ಹುಟ್ಟಿಸುವುದಿಲ್ಲ. ಇರುವುದನ್ನು ದಾರಿಯಲ್ಲಿ ಕಳೆಯದೆ ತಂದುಕೊಡುತ್ತದೆ, ಅಷ್ಟೇ.

ಬೂಸ್ಟರ್ ಪಂಪು ಕೊಳ್ಳುವ ಮುಂಚೆ ಒಂದು ಬಕೆಟ್ ಮತ್ತು ಗಡಿಯಾರ ಹಿಡಿದು ಮನೆಯೆಲ್ಲ ಸುತ್ತಿ ಬನ್ನಿ. 10 ಲೀಟರ್ ತುಂಬಲು 50 ಸೆಕೆಂಡ್ ಬೇಕಾದರೆ ನಿಮಿಷಕ್ಕೆ 12 ಲೀಟರ್. ಒಂದೇ ನಲ್ಲಿಯಲ್ಲಿ ಕಡಿಮೆ, ಉಳಿದೆಡೆ ಸರಿ ಎಂದಾದರೆ ತಪ್ಪು ಆ ನಲ್ಲಿಯದೇ. ಬಾಯಲ್ಲಿರುವ ಜಾಲರಿಯಲ್ಲಿ ಮರಳು, ಸುಣ್ಣ ಕೂತಿರುತ್ತದೆ. ಬಿಚ್ಚಿ ಒಂದೆರಡು ಗಂಟೆ ವಿನೆಗರ್‌ನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಬಿಸಿನೀರಿನ ಕಡೆ ಮಾತ್ರ ಕಡಿಮೆಯಾದರೆ ಗೀಸರಿನ ಒಳಬರುವ ವಾಲ್ವ್ ಅಥವಾ ಅದರ ಹೊರಪೈಪಿನಲ್ಲಿ ಸುಣ್ಣ. ಎಲ್ಲ ಕಡೆಯೂ ಕಡಿಮೆಯಾದರೆ ಟ್ಯಾಂಕಿನ ಬುಡದ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ಅರ್ಧ ಮುಚ್ಚಿದ ಒಂದು ಗೇಟ್ ವಾಲ್ವ್ (ಹಿಡಿಯನ್ನು ಹಲವು ಸುತ್ತು ತಿರುಗಿಸುವ ವಾಲ್ವ್) ಇಡೀ ಮನೆಯ ನೀರನ್ನು ಕಟ್ಟಿಹಾಕಬಲ್ಲದು.

ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಒಂದು ನಲ್ಲಿಯಲ್ಲಿ ಮಾತ್ರ ನೀರು ಬಾರದಿದ್ದರೆ, ಪೈಪು ಕಟ್ಟಿದೆ ಎಂದು ಗೋಡೆ ಒಡೆಸಬೇಡಿ. ಅದು ಬಹುಪಾಲು ಗಾಳಿಯ ಗುಳ್ಳೆ. ಪೈಪು ಎಲ್ಲಾದರೂ ಮೇಲೆದ್ದು ಮತ್ತೆ ಇಳಿದಿದ್ದರೆ ಆ ಗುಡ್ಡದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕಡಿಮೆ ಒತ್ತಡದ ನೀರಿಗೆ ಅದನ್ನು ತಳ್ಳಲು ಆಗುವುದಿಲ್ಲ. ಒತ್ತಡ ಚೆನ್ನಾಗಿರುವ ಇನ್ನೊಂದು ನಲ್ಲಿಗೂ ಬಾರದ ನಲ್ಲಿಗೂ ಕೊಳವೆ ಸಿಕ್ಕಿಸಿ, ಮೊದಲು ಬಾರದ ನಲ್ಲಿಯನ್ನು, ಆಮೇಲೆ ಬರುವ ನಲ್ಲಿಯನ್ನು ತೆರೆಯಿರಿ. ನೀರು ಹಿಂದಕ್ಕೆ ನುಗ್ಗಿ ಗಾಳಿಯನ್ನು ಟ್ಯಾಂಕಿನ ಕಡೆಗೆ ದೂಡುತ್ತದೆ. ಇದು ಮತ್ತೆಮತ್ತೆ ಆಗುತ್ತಿದ್ದರೆ, ಟ್ಯಾಂಕಿನಿಂದ ಹೊರಡುವ ಪೈಪಿಗೆ ವಾಲ್ವ್ ಆದಕೂಡಲೇ ಒಂದು ಟೀ (ಮೂರು ಬಾಯಿಯ ಕೂಡುತುಂಡು) ಹಾಕಿ, ಟ್ಯಾಂಕಿನ ತುಂಬುಮಟ್ಟಕ್ಕಿಂತ ಮೇಲಕ್ಕೆ ಬಾಯಿ ತೆರೆದ ಗಾಳಿಪೈಪು ನಿಲ್ಲಿಸಬೇಕು.

ಬಿಗಿ ಮಾಡಿದಷ್ಟೂ ಸೋರುವ ನಲ್ಲಿ

ಹಳೆಯ ಬಗೆಯ, ಹಲವು ಸುತ್ತು ತಿರುಗಿಸುವ ನಲ್ಲಿಯ ಒಳಗೆ ಒಂದು ಸ್ಪಿಂಡಲ್ (ಹಿಡಿಯೊಂದಿಗೆ ತಿರುಗುವ ಕಡ್ಡಿ), ಅದರ ತುದಿಗೆ ಒಂದು ರಬ್ಬರ್ ವಾಷರ್ ಇರುತ್ತದೆ. ಕೆಳಗೆ ಹಿತ್ತಾಳೆಯ ದುಂಡನೆಯ ಅಂಚು, ಅದನ್ನು ಸೀಟ್ ಎನ್ನುತ್ತಾರೆ. ವಾಷರ್ ಸೀಟಿನ ಮೇಲೆ ಸಮನಾಗಿ ಕೂತರೆ ನೀರು ನಿಲ್ಲುತ್ತದೆ. ಕೂರುವುದಕ್ಕೆ ಬೇಕಾದ ಬಲ ಎರಡು ಬೆರಳಿನದು. ಅದಕ್ಕೂ ಮೀರಿ ಒತ್ತಿದರೆ ಸೀಟಿನ ಅಂಚು ರಬ್ಬರಿನೊಳಗೆ ಇಳಿಯುತ್ತದೆ. ಹಳೆಯ ವಾಷರೊಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಉಗುರಿನಿಂದ ಗೀರಿದಂತೆ ದುಂಡನೆಯ ಗೆರೆ, ಒಂದು ಕಡೆ ಆ ಗೆರೆ ಆಳವಾಗಿ ರಬ್ಬರು ಸೀಳಿರುತ್ತದೆ. ಆ ಸೀಳಿನ ದಾರಿಯಲ್ಲೇ ನೀರು ಬರುತ್ತಿರುವುದು. ಮರುದಿನ ಇನ್ನೂ ಬಿಗಿ ಮಾಡುತ್ತೀರಿ, ಸೀಳು ಇನ್ನೂ ಆಳವಾಗುತ್ತದೆ. ಕೊನೆಗೆ ರಬ್ಬರು ಪೂರ್ತಿ ಹರಿದು, ಅದನ್ನು ಹಿಡಿದಿರುವ ಲೋಹ ಸೀಟಿಗೆ ಉಜ್ಜಿ ಹಿತ್ತಾಳೆಯಲ್ಲೇ ಕಚ್ಚು ಬೀಳುತ್ತದೆ. ವಾಷರ್ ಬದಲಾಯಿಸಿದರೆ ಮುಗಿಯುತ್ತಿದ್ದ ಕೆಲಸ ನಲ್ಲಿಯನ್ನೇ ಬದಲಾಯಿಸುವಲ್ಲಿಗೆ ಬಂತು.

ವಾಷರ್ ಹಾಕುವ ಕೆಲಸ ಹತ್ತು ಹದಿನೈದು ನಿಮಿಷದ್ದು. ಆ ನಲ್ಲಿಗೆ ನೀರು ತರುವ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಬಸಿಯಲು ಬಿಡಿ. ಕೆಳಗೆ ಸಿಂಕ್ ಇದ್ದರೆ ಅದರ ಬಾಯಿಗೆ ಬಟ್ಟೆ ತುರುಕಿ, ಇಲ್ಲವಾದರೆ ಸ್ಕ್ರೂ ಒಳಗೆ ಬಿದ್ದು ಇನ್ನೊಂದು ಕೆಲಸವಾದೀತು. ಹಿಡಿಯ ಮೇಲಿನ ಬಿಲ್ಲೆ ಎಬ್ಬಿಸಿ ಸ್ಕ್ರೂ ತೆಗೆಯಿರಿ, ಹಿಡಿಯನ್ನು ಮೇಲಕ್ಕೆಳೆಯಿರಿ. ಕೆಳಗಿನ ದೊಡ್ಡ ನಟ್ ಅನ್ನು ಸ್ಪ್ಯಾನರಿನಿಂದ ಬಿಚ್ಚುವಾಗ ಇನ್ನೊಂದು ಕೈ ನಲ್ಲಿಯ ಒಡಲನ್ನು ಗಟ್ಟಿಯಾಗಿ ಹಿಡಿದಿರಲಿ. ಹಾಗೆ ಹಿಡಿಯದೆ ತಿರುಗಿಸಿದರೆ ಗೋಡೆಯೊಳಗಿನ ಜಾಯಿಂಟೇ ತಿರುಗಿ ಅಲ್ಲಿ ಸೋರಲು ಶುರುವಾಗುತ್ತದೆ. ಸ್ಪಿಂಡಲ್ ಹೊರಬಂದ ಮೇಲೆ ಕಿರುಬೆರಳನ್ನು ಒಳಗೆ ಇಳಿಸಿ ಸೀಟಿನ ಸುತ್ತ ಸವರಿ. ನುಣ್ಣಗಿದ್ದರೆ ಹೊಸ ವಾಷರ್ ಸಾಕು. ಕಚ್ಚು ಬೆರಳಿಗೆ ತಾಗಿದರೆ ಸೀಟ್ ಉಜ್ಜುವ ಕಟ್ಟರಿನಿಂದ ಸಮ ಮಾಡಿಸಬೇಕು, ಇಲ್ಲದಿದ್ದರೆ ಹೊಸ ವಾಷರ್ ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ. ಮತ್ತೆ ಜೋಡಿಸುವಾಗ ಸ್ಪಿಂಡಲ್ ತೆರೆದ ಸ್ಥಿತಿಯಲ್ಲಿರಲಿ. ಮುಚ್ಚಿದ ಸ್ಥಿತಿಯಲ್ಲಿ ನಟ್ ಬಿಗಿದರೆ ಹೊಸ ರಬ್ಬರು ಅಲ್ಲೇ ಜಜ್ಜಿಹೋಗುತ್ತದೆ.

ನೀರು ಬಾಯಲ್ಲಿ ತೊಟ್ಟಿಕ್ಕದೆ ಹಿಡಿಯ ಬುಡದಲ್ಲಿ, ಅದೂ ನಲ್ಲಿ ತೆರೆದಾಗ ಮಾತ್ರ ಒಸರಿದರೆ ವಾಷರಿಗೂ ಅದಕ್ಕೂ ಸಂಬಂಧವಿಲ್ಲ. ಅದು ಗ್ಲ್ಯಾಂಡಿನ, ಅಂದರೆ ಸ್ಪಿಂಡಲಿನ ಸುತ್ತ ನೀರು ತಡೆಯುವ ಭಾಗದ ತೊಂದರೆ. ಗ್ಲ್ಯಾಂಡ್ ನಟ್ ಅನ್ನು ಎಂಟನೇ ಒಂದು ಸುತ್ತು ಬಿಗಿದು ನೋಡಿ. ನಿಲ್ಲದಿದ್ದರೆ ನಟ್ ಬಿಚ್ಚಿ ಸ್ಪಿಂಡಲಿನ ಸುತ್ತ ಗ್ರಾಫೈಟ್ ದಾರ ಅಥವಾ ಹುರಿ ಮಾಡಿದ ಟೆಫ್ಲಾನ್ ಟೇಪು ಸುತ್ತಬೇಕು.

ಕಾಲು ಸುತ್ತಿಗೆ ತೆರೆಯುವ ಈಗಿನ ನಲ್ಲಿಗಳಲ್ಲಿ ವಾಷರಿನ ಜಾಗದಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಇವನ್ನು ಬಿಗಿ ಮಾಡುವ ಮಾತೇ ಇಲ್ಲ. ಹೊಸ ಪೈಪು ಕೂಡಿಸಿದಾಗ ಒಳಗುಳಿದ ಮರಳು, ಪ್ಲಾಸ್ಟಿಕ್ ಪುಡಿ ಬಿಲ್ಲೆಗಳ ನಡುವೆ ಸಿಕ್ಕಿ ಗೀರು ಹಾಕುತ್ತದೆ, ಅಲ್ಲಿಂದ ಸೋರುತ್ತದೆ. ನಲ್ಲಿ ಕೂರಿಸುವ ಮುಂಚೆ ಪೈಪಿನ ಬಾಯಿಂದ ಒಂದೆರಡು ಬಕೆಟ್ ನೀರು ಹರಿಸಿಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಟ್ಟರೆ ಬಿಲ್ಲೆಗಳಿರುವ ಒಳಭಾಗವನ್ನೇ, ಅಂದರೆ ಇಡೀ ಕಾರ್ಟ್ರಿಜ್ ಬದಲಾಯಿಸಬೇಕು. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ, ಏಕೆಂದರೆ ಹಿಡಿ ಕೂರುವ ಹಲ್ಲುಗಳ ಸಂಖ್ಯೆಯೂ, ಎಡಕ್ಕೆ ತೆರೆಯುವುದೋ ಬಲಕ್ಕೆ ತೆರೆಯುವುದೋ ಎನ್ನುವುದೂ ಹೊಂದಬೇಕು.

ಟೇಪು ಎಲ್ಲಿ ಬೇಕು, ಎಲ್ಲಿ ಬೇಡ

ಬಿಳಿ ಟೆಫ್ಲಾನ್ ಟೇಪು ಅಂಟಲ್ಲ. ಅದಕ್ಕೆ ಅಂಟುವ ಗುಣವೇ ಇಲ್ಲ, ಜಾರುವ ಗುಣವಿದೆ. ಥ್ರೆಡ್ಡಿನ (ತಿರುಪಿನ ಎಳೆಗಳ) ಸಂದುಗಳನ್ನು ತುಂಬುವುದು ಒಂದು ಕೆಲಸ, ಥ್ರೆಡ್ ಸಲೀಸಾಗಿ ಜಾರಿ ಇನ್ನಷ್ಟು ಒಳಗೆ ಹೋಗುವಂತೆ ಮಾಡುವುದು ಇನ್ನೊಂದು. ಈ ಎರಡನೆಯದನ್ನು ಮರೆತರೆ ಅಪಾಯ. ದಪ್ಪಗೆ ಟೇಪು ಸುತ್ತಿದ ಗಂಡು ಥ್ರೆಡ್ಡನ್ನು ಪ್ಲಾಸ್ಟಿಕ್ ಹೆಣ್ಣು ಥ್ರೆಡ್ಡಿಗೆ ತಿರುಗಿಸುತ್ತ ಹೋದರೆ, ಕೈಗೆ ಬಿಗಿಯೇ ಗೊತ್ತಾಗದೆ ಅದು ಬೆಣೆಯಂತೆ ಇಳಿದು ಫಿಟ್ಟಿಂಗನ್ನು (ಪೈಪುಗಳನ್ನು ಕೂಡಿಸುವ ತುಂಡನ್ನು) ಸೀಳುತ್ತದೆ. ಕೆಲವೊಮ್ಮೆ ಕೂಡಲೇ ಅಲ್ಲ, ಟೈಲ್ಸ್ ಹಾಕಿ ಮುಗಿದ ಮೇಲೆ ಸಣ್ಣ ಬಿರುಕು ಬಿಡುತ್ತದೆ. ಲೋಹದ ನಲ್ಲಿ ಕೂರುವ ಜಾಗದಲ್ಲಿ ಹಿತ್ತಾಳೆಯ ಥ್ರೆಡ್ ಇರುವ ಫಿಟ್ಟಿಂಗನ್ನೇ ಹಾಕಬೇಕೆಂದು ಹೇಳುವುದು ಇದಕ್ಕೇ.

ಸುತ್ತುವ ಕ್ರಮ ಹೀಗೆ. ಥ್ರೆಡ್ಡಿನ ಬಾಯಿ ನಿಮ್ಮ ಮುಖದ ಕಡೆ ಇರಲಿ. ಮೊದಲ ಎಳೆಯನ್ನು ಬಿಟ್ಟು ಎರಡನೆಯದರಿಂದ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಟೇಪನ್ನು ಎಳೆದು ಹಿಡಿದು ಸುತ್ತಿ. ಎಳೆಗಳ ಅಚ್ಚು ಟೇಪಿನ ಮೇಲೆ ಮೂಡುವಷ್ಟು ಬಿಗಿಯಿರಲಿ. ತಿರುಗುಮುರುಗಾಗಿ ಸುತ್ತಿದರೆ ಕೂರಿಸುವಾಗ ಟೇಪು ಬಿಚ್ಚಿಕೊಂಡು ಹಿಂದಕ್ಕೆ ಮುದುಡುತ್ತದೆ. ಮೊದಲ ಎಳೆಯ ಮೇಲೂ ಸುತ್ತಿದರೆ ಚೂರುಗಳು ಒಳಗೆ ಹೋಗಿ ನಲ್ಲಿಯ ಜಾಲರಿಯಲ್ಲಿ ಕೂರುತ್ತವೆ. ಅರ್ಧ ಇಂಚಿನ ಥ್ರೆಡ್ಡಿಗೆ ತೆಳು ಟೇಪಾದರೆ 8ರಿಂದ 10 ಸುತ್ತು, ದಪ್ಪ ಟೇಪಾದರೆ 3–4 ಸುತ್ತು ಸಾಕು. ಕೈಯಿಂದ ಹೋಗುವಷ್ಟು ಹೋದ ಮೇಲೆ ಸ್ಪ್ಯಾನರಿನಲ್ಲಿ ಒಂದರಿಂದ ಎರಡು ಸುತ್ತು. ನಲ್ಲಿಯ ಮುಖ ಸ್ವಲ್ಪ ಆಚೆ ಹೋಯಿತೆಂದು ಹಿಂದಕ್ಕೆ ತಿರುಗಿಸಬಾರದು. ಹಿಂದಕ್ಕೆ ಬಂದ ಟೇಪು ಸಂದು ಬಿಟ್ಟಾಯಿತು. ಬಿಚ್ಚಿ, ಹಳೆಯ ಟೇಪನ್ನು ಪೂರ್ತಿ ಕಿತ್ತು, ಹೊಸದಾಗಿ ಸುತ್ತಬೇಕು.

ಇನ್ನು, ಎಲ್ಲ ಥ್ರೆಡ್ಡಿಗೂ ಟೇಪು ಬೇಕೆನ್ನುವುದು ತಪ್ಪು. ವಾಷ್ ಬೇಸಿನ್ನಿನ ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವ್ ಆದ ಆಂಗಲ್ ಕಾಕ್‌ನಿಂದ ನಲ್ಲಿಗೆ ಹೋಗುವ ಮೆದು ಹೋಸ್ ಇದೆಯಲ್ಲ, ಅದರ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ. ನೀರನ್ನು ತಡೆಯುವುದು ಆ ವಾಷರು, ಥ್ರೆಡ್ಡಲ್ಲ. ಅಲ್ಲಿ ಟೇಪು ಸುತ್ತಿದರೆ ನಟ್ ಬಿಗಿಯಾಯಿತೆಂದು ಕೈ ಭಾವಿಸುತ್ತದೆ, ಆದರೆ ವಾಷರಿನ ಮೇಲೆ ಸಾಕಷ್ಟು ಒತ್ತು ಬಿದ್ದಿರುವುದಿಲ್ಲ. ಕೈಯಿಂದ ಬಿಗಿದು, ಸ್ಪ್ಯಾನರಿನಲ್ಲಿ ಕಾಲು ಸುತ್ತು, ಅಷ್ಟೇ. ಬಿಚ್ಚಿ ಮತ್ತೆ ಕೂಡಿಸಬಹುದಾದ ಜಾಯಿಂಟುಗಳಾದ ಯೂನಿಯನ್‌ಗಳಿಗೂ ಇದೇ ಮಾತು: ಎರಡು ಮುಖಗಳು ಕೂಡುವ ಜಾಗ ಚೊಕ್ಕವಾಗಿರಬೇಕು, ಟೇಪು ಬೇಡ. ಹೊರಗೆ ಉಕ್ಕಿನ ಜಾಲರಿ ಹೊಳೆಯುತ್ತಿದ್ದರೂ ಈ ಹೋಸುಗಳ ಒಳಗಿನ ರಬ್ಬರು ಮುದಿಯಾಗುತ್ತದೆ. ಜಾಲರಿಯ ಎಳೆ ಕಡಿದಿದ್ದರೆ, ತುಕ್ಕಿನ ಕಲೆ ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಆ ದಿನವೇ ಬದಲಾಯಿಸಿ. ಏನೂ ಕಾಣದಿದ್ದರೂ ಐದು ವರ್ಷಕ್ಕೊಮ್ಮೆ ಹೊಸದು ಹಾಕುವುದು ಜಾಣತನ, ಏಕೆಂದರೆ ಇದು ಹರಿದಾಗ ತೊಟ್ಟಿಕ್ಕುವುದಿಲ್ಲ, ಮನೆ ತುಂಬುತ್ತದೆ.

ಪ್ಲಾಸ್ಟಿಕ್ ಪೈಪಿನ ‘ಗಮ್’

ಹೆಸರೇ ದಾರಿ ತಪ್ಪಿಸುತ್ತದೆ. ‘ಗಮ್’ ಎಂದು ಕರೆಯುವ ಸಾಲ್ವೆಂಟ್ ಸಿಮೆಂಟ್ ಅಂಟಲ್ಲ. ಪೈಪಿನ ಹೊರಮೈಯನ್ನೂ ಫಿಟ್ಟಿಂಗಿನ ಒಳಮೈಯನ್ನೂ ಕರಗಿಸಿ ಒಂದೇ ಪ್ಲಾಸ್ಟಿಕ್ ಆಗಿ ಬೆಸೆಯುವ ದ್ರವ. ಹಾಗಾಗಿ ಸೋರುತ್ತಿರುವ ಜಾಯಿಂಟಿನ ಹೊರಗೆ ಎಷ್ಟು ಬಳಿದರೂ ಅದು ಒಳಗಿನ ಸಂದನ್ನು ಮುಟ್ಟುವುದಿಲ್ಲ. ಎಪಾಕ್ಸಿ ಪುಟ್ಟಿ ಮೆತ್ತುವುದೂ ಹೊಸ ಫಿಟ್ಟಿಂಗ್ ತರುವವರೆಗಿನ ಉಪಾಯ. ಸೋರುವ ಜಾಯಿಂಟನ್ನು ಕತ್ತರಿಸಿ ತೆಗೆದು ಹೊಸದು ಹಾಕುವುದೊಂದೇ ದಾರಿ.

ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆಯಿರಿ. ಒಣಗಿದ್ದಾಗಲೇ ಫಿಟ್ಟಿಂಗಿಗೆ ತೂರಿಸಿ ನೋಡಿ: ಮೂರನೇ ಒಂದರಿಂದ ಮೂರನೇ ಎರಡು ಭಾಗದವರೆಗೆ ಹೋಗಿ ಬಿಗಿಯಾಗಬೇಕು. ಲೊಡಲೊಡ ಎಂದು ತಳ ಮುಟ್ಟಿದರೆ ಆ ಜೋಡಿ ಬೇಡ. ಎರಡೂ ಮೈಯನ್ನು ಒರೆಸಿ ಒಣಗಿಸಿ. ಒಂದು ಹನಿ ನೀರಿದ್ದರೂ ಅಲ್ಲಿ ಬೆಸುಗೆ ಆಗುವುದಿಲ್ಲ, ವಾಲ್ವ್ ಪೂರ್ತಿ ಮುಚ್ಚದೆ ಸಣ್ಣಗೆ ಜಿನುಗುವ ಲೈನಿನಲ್ಲಿ ಮಾಡಿದ ಜಾಯಿಂಟುಗಳು ಕೈಕೊಡುವುದು ಇದರಿಂದಲೇ. ಪೈಪಿಗೆ ಧಾರಾಳವಾಗಿ, ಫಿಟ್ಟಿಂಗಿನ ಒಳಗೆ ತೆಳ್ಳಗೆ ಸಿಮೆಂಟ್ ಹಚ್ಚಿ, ಕೂಡಲೇ ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ಒತ್ತಿ, 30 ಸೆಕೆಂಡ್ ಹಿಡಿದಿರಿ. ಬಿಟ್ಟುಬಿಟ್ಟರೆ ಪೈಪು ತಾನೇ ಹಿಂದಕ್ಕೆ ಜಾರುತ್ತದೆ. ಹೊರಗೆ ಉಕ್ಕಿದ್ದನ್ನು ಒರೆಸಿ. ಫಿಟ್ಟಿಂಗಿನೊಳಗೂ ಧಾರಾಳವಾಗಿ ಸುರಿದರೆ ಅದು ತಳದಲ್ಲಿ ಮಡುಗಟ್ಟಿ ಪೈಪಿನ ಮೈಯನ್ನೇ ಮೆತ್ತಗೆ ಮಾಡುತ್ತದೆ, ದಾರಿಯನ್ನೂ ಕಿರಿದು ಮಾಡುತ್ತದೆ. ನೀರು ಬಿಡುವ ಮುಂಚೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾಯಬೇಕು. ಅವಸರವಿಲ್ಲದಿದ್ದರೆ ಒಂದು ಪೂರ್ತಿ ದಿನ ಬಿಡಿ.

ಯುಪಿವಿಸಿ ಮತ್ತು ಸಿಪಿವಿಸಿ ಎಂಬ ಎರಡು ಬಗೆಯ ಪ್ಲಾಸ್ಟಿಕ್ ಪೈಪುಗಳು ಒಂದೇ ಅಲ್ಲ, ಅವುಗಳ ಸಿಮೆಂಟೂ ಬೇರೆ. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಬಿಸಿನೀರಿಗೆ ಅದನ್ನು ಹಾಕಿದರೆ ಮೆತ್ತಗಾಗಿ ಜೋತುಬೀಳುತ್ತದೆ. ಸಿಪಿವಿಸಿ 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಆದರೆ ಹಿಗ್ಗುತ್ತದೆ: 10 ಮೀಟರ್ ಉದ್ದದ ಲೈನು 40 ಡಿಗ್ರಿ ಬಿಸಿಯಾದರೆ ಸುಮಾರು 25 ಮಿ.ಮೀ. ಉದ್ದವಾಗುತ್ತದೆ. ಎರಡೂ ಕಡೆ ಕ್ಲಾಂಪ್ ಬಿಗಿದು ಅಲುಗಾಡದಂತೆ ಕಟ್ಟಿದರೆ ಆ ಒಂದು ಇಂಚು ಎಲ್ಬೋದ ಮೇಲೆ ಬೀಳುತ್ತದೆ. ಉದ್ದದ ಬಿಸಿನೀರಿನ ಲೈನಿಗೆ ಒಂದು ಬಳಸು ತಿರುವು ಕೊಟ್ಟು, ಕ್ಲಾಂಪುಗಳು ಪೈಪನ್ನು ಹೊರುವಂತಿರಲಿ, ಹಿಚುಕುವಂತಿರಬಾರದು.

ಗೀಸರಿನ ಹನಿಯನ್ನು ನಿಲ್ಲಿಸಬೇಡಿ

ಇವತ್ತಿನ ಮಾತುಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಗೀಸರಿಗೆ ತಣ್ಣೀರು ಬರುವ ಬಾಯಲ್ಲಿ ಒಂದು ಸುರಕ್ಷಾ ವಾಲ್ವ್ ಇರುತ್ತದೆ, ಪಕ್ಕದಲ್ಲಿ ಸಣ್ಣ ಬಾಯಿ. ನೀರು ಕಾಯುವಾಗ ಅದರಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತದೆ. ‘ವಾಲ್ವ್ ಕೆಟ್ಟಿದೆ’ ಎಂದು ಆ ಬಾಯಿಗೆ ಬೂಚು ಹಾಕುವವರಿದ್ದಾರೆ. ಸ್ಕ್ರೂ ತುರುಕಿ ಎಪಾಕ್ಸಿ ಮೆತ್ತಿದ ವಾಲ್ವುಗಳೂ ಇವೆ.

ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಡಿಗ್ರಿಯಿಂದ 65 ಡಿಗ್ರಿಗೆ ಏರಿದಾಗ ನೂರಕ್ಕೆ ಸುಮಾರು 1.7ರಷ್ಟು. 25 ಲೀಟರ್ ಗೀಸರಿನಲ್ಲಿ ಅದು 400 ಮಿಲಿಲೀಟರಿಗೂ ಹೆಚ್ಚು, ಎರಡು ಲೋಟದಷ್ಟು ನೀರು. ತಣ್ಣೀರಿನ ಕಡೆ ಹಿಂದಕ್ಕೆ ಹರಿಯದಂತೆ ನಾನ್ ರಿಟರ್ನ್ ವಾಲ್ವ್ ಇದೆ, ನಲ್ಲಿ ಮುಚ್ಚಿದೆ. ಆ ಎರಡು ಲೋಟ ನೀರು ಎಲ್ಲಿಗೆ ಹೋಗಬೇಕು? ಒತ್ತಡ ಏರುತ್ತದೆ, ವಾಲ್ವಿನ ಮೇಲೆ ನಮೂದಿಸಿದ ಮಿತಿ ಮುಟ್ಟಿದಾಗ ಅದು ತೆರೆದು ಹನಿ ಬಿಡುತ್ತದೆ. ಆ ಹನಿ ವಾಲ್ವ್ ಬದುಕಿದೆ ಎನ್ನುವುದಕ್ಕೆ ಸಾಕ್ಷಿ.

ಬೂಚು ಹಾಕಿದ ಗೀಸರಿನಲ್ಲಿ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿತೆನ್ನಿ, ಶಾಖ ಮೀರಿದಾಗ ವಿದ್ಯುತ್ ಕಡಿಯುವ ಕಟೌಟ್ ಕೂಡ ಕೆಲಸ ಮಾಡಲಿಲ್ಲವೆನ್ನಿ. 8 ಬಾರ್ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 175 ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಟ್ಯಾಂಕ್ ಬಿರಿದರೆ ಒತ್ತಡ ಒಮ್ಮೆಗೇ ಇಳಿದು, ನೀರಿನ ಏಳನೇ ಒಂದು ಭಾಗ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಬೆಯಾಗುತ್ತದೆ. ಒಂದು ಲೀಟರ್ ನೀರು 1,600 ಲೀಟರಿಗೂ ಹೆಚ್ಚು ಹಬೆಯಾಗುವುದರಿಂದ, 25 ಲೀಟರ್ ಗೀಸರಿನಿಂದ ಸಾವಿರಾರು ಲೀಟರ್ ಹಬೆ. ಗೋಡೆ ತಡೆಯುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಹನಿ ಬೀಳುವ ಬಾಯಿಗೆ ಪೈಪು ಸಿಕ್ಕಿಸಿ ಬಚ್ಚಲಿನ ಮೋರಿಯ ಹತ್ತಿರ ತಂದು ಬಿಡಿ. ಪೈಪು ಉದ್ದಕ್ಕೂ ಇಳಿಜಾರಾಗಿರಲಿ, ತುದಿ ಗಾಳಿಗೆ ತೆರೆದಿರಲಿ, ಕಣ್ಣಿಗೆ ಕಾಣುತ್ತಿರಲಿ. ಗೀಸರಿಗೂ ಸುರಕ್ಷಾ ವಾಲ್ವಿಗೂ ನಡುವೆ ಮುಚ್ಚುವ ವಾಲ್ವ್ ಯಾವುದೂ ಇರಕೂಡದು. ಕಾಯುವಾಗ ಮಾತ್ರ ಹನಿ ಬಿದ್ದರೆ ಸರಿಯಾಗಿದೆ. ಹಗಲು ರಾತ್ರಿ ಬೀಳುತ್ತಿದ್ದರೆ ವಾಲ್ವಿನಲ್ಲಿ ಕಸ ಕೂತಿದೆ ಅಥವಾ ಬರುವ ನೀರಿನ ಒತ್ತಡವೇ ಜಾಸ್ತಿ; ಆಗ ಒತ್ತಡ ತಗ್ಗಿಸುವ ವಾಲ್ವ್ ಬೇಕಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಸ್ವಿಚ್ ಆರಿಸಿ, ನೀರು ತಣಿದ ಮೇಲೆ ವಾಲ್ವಿನ ಕೀಲು ಎತ್ತಿ ನೀರು ಬರುತ್ತದೆಯೇ ನೋಡಿ. ಬಾರದಿದ್ದರೆ ಹೊಸದು ಹಾಕುವವರೆಗೆ ಆ ಗೀಸರ್ ಹಾಕಬೇಡಿ.

ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳು ಇದ್ದರೆ ಅದು ಉಕ್ಕಿನ ಬದಲು ತಾನು ಸವೆಯಲೆಂದೇ ಇಟ್ಟಿರುವಂಥದ್ದು. ಒಂದೆರಡು ವರ್ಷಕ್ಕೊಮ್ಮೆ ತೆಗೆಸಿ ನೋಡಿ, ನಡುವಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಾಯಿಸಿ.

ಹೋಗುವ ನೀರಿನ ದಾರಿ

ಸಿಂಕಿನ ಕೆಳಗೆ ಪೈಪು ಸೊಟ್ಟಗೆ ಬಾಗಿರುವುದು ಜಾಗ ಸಾಲದೆ ಅಲ್ಲ, ಬಿದ್ದ ಉಂಗುರ ಹಿಡಿಯುವುದಕ್ಕೂ ಅಲ್ಲ. ಟ್ರ್ಯಾಪ್ ಎನ್ನುವ ಆ ಬಾಗಿನಲ್ಲಿ ನಿಲ್ಲುವ ಸುಮಾರು 50 ಮಿ.ಮೀ. ಆಳದ ನೀರು ಚರಂಡಿಯ ಗಾಳಿಗೆ ಮುಚ್ಚಿದ ಬಾಗಿಲು. ನೀರು ಬೇಗ ಹೋಗಲೆಂದು ಬಾಗು ತೆಗೆದು ನೇರ ಪೈಪು ಹಾಕಿದರೆ ವಾಸನೆ, ಜಿರಳೆ ಎರಡೂ ಒಳಗೆ ಬರುತ್ತವೆ. ಬಳಸದ ಬಚ್ಚಲಿನಲ್ಲಿ ವಾಸನೆ ಬಂದರೆ ಫಿನೈಲ್ ಸುರಿಯುವ ಮುಂಚೆ ಒಂದು ಚೊಂಬು ನೀರು ಹಾಕಿ ನೋಡಿ. ಟ್ರ್ಯಾಪಿನ ನೀರು ಆವಿಯಾಗಿ ಹೋಗಿರುತ್ತದೆ. ಬಹಳ ದಿನ ಊರಿಗೆ ಹೋಗುವುದಿದ್ದರೆ ನೀರಿನ ಮೇಲೆ ಒಂದು ಚಮಚ ಎಣ್ಣೆ ಬಿಟ್ಟರೆ ಆವಿಯಾಗುವುದು ನಿಧಾನವಾಗುತ್ತದೆ. ದಿನಾ ಬಳಸುವ ಸಿಂಕಿನಲ್ಲೂ ಗೊಳಗೊಳ ಸದ್ದಾಗಿ ವಾಸನೆ ಬರುತ್ತಿದ್ದರೆ ಗಾಳಿಪೈಪು ಇಲ್ಲ ಅಥವಾ ಮುಚ್ಚಿದೆ ಎಂದರ್ಥ. ಮಾಳಿಗೆಯ ಮೇಲೆ ಬಾಯಿ ತೆರೆದು ನಿಂತ ಆ ಪೈಪು ವಾಸನೆ ಹೊರಹಾಕಲಷ್ಟೇ ಇರುವುದಲ್ಲ. ಕೆಳಗೆ ನೀರು ಧುಮುಕುವಾಗ ಹಿಂದಿನಿಂದ ಗಾಳಿ ಸಿಗದಿದ್ದರೆ ಅದು ಟ್ರ್ಯಾಪಿನ ನೀರನ್ನೇ ಹೀರಿಕೊಂಡು ಹೋಗುತ್ತದೆ. ಸೊಳ್ಳೆ ಬರುತ್ತದೆಂದು ಅದರ ಬಾಯಿ ಮುಚ್ಚಬೇಡಿ, ಜಾಲರಿ ಕಟ್ಟಿ.

ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದರೆ ಬುಸುಗುಟ್ಟುವ ನೊರೆ ನೋಡಲು ಚೆನ್ನ. ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದು ಉಳಿಯುವುದು ಉಪ್ಪಿನಂಥ ನೀರು ಮತ್ತು ಇಂಗಾಲದ ಡೈಆಕ್ಸೈಡ್. ಕೂದಲನ್ನಾಗಲಿ ಜಿಡ್ಡಿನ ಗಂಟನ್ನಾಗಲಿ ಅದು ಕದಲಿಸುವುದಿಲ್ಲ. ಕಾಸ್ಟಿಕ್ ಪುಡಿ ಜಿಡ್ಡನ್ನು ನಿಜವಾಗಿ ಕರಗಿಸುತ್ತದೆ, ಆದರೆ ಪೂರ್ತಿ ಕಟ್ಟಿಕೊಂಡ ಪೈಪಿನಲ್ಲಿ ಅದು ಕಟ್ಟಿನ ಹತ್ತಿರ ತಲುಪುವುದೇ ಇಲ್ಲ. ನಿಂತ ನೀರಿನಲ್ಲಿ ಕಾದು ಪ್ಲಾಸ್ಟಿಕ್ ಪೈಪನ್ನು ಮೆತ್ತಗೆ ಮಾಡುತ್ತದೆ. ಒಂದು ಪುಡಿ ಫಲಿಸಲಿಲ್ಲವೆಂದು ಇನ್ನೊಂದನ್ನು ಹಾಕುವುದು ಜೀವಕ್ಕೇ ಕುತ್ತು: ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಾಸ್ಟಿಕ್ ಹಾಕಿದ ಪೈಪಿಗೆ ರಬ್ಬರ್ ಪಂಪು ಒತ್ತಿದರೆ ಅದು ಕಣ್ಣಿಗೆ ಹಾರುತ್ತದೆ.

ಮೊದಲು ಕೈಗೆತ್ತಿಕೊಳ್ಳಬೇಕಾದ್ದು ರಬ್ಬರ್ ಪಂಪು. ಸಿಂಕಿನ ಮೇಲಿನ ತೂತಿಗೆ ಒದ್ದೆ ಬಟ್ಟೆ ಬಿಗಿಯಾಗಿ ತುರುಕಿ, ರಬ್ಬರ್ ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಅಂಚಿಗೆ ಸ್ವಲ್ಪ ವ್ಯಾಸಲೀನ್ ಸವರಿ. ಒಳಗೆ ಗಾಳಿ ಇಲ್ಲದಂತೆ ಓರೆಯಾಗಿ ಇಳಿಸಿ, ಹದಿನೈದಿಪ್ಪತ್ತು ಸಲ ಒತ್ತಿ ಎಳೆಯಿರಿ. ಒತ್ತುವುದಕ್ಕಿಂತ ಎಳೆಯುವುದೇ ಗಂಟನ್ನು ಸಡಿಲಿಸುತ್ತದೆ. ಆಗದಿದ್ದರೆ ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿ ತೊಳೆಯಿರಿ. ಬಹಳ ಸಲ ಕಟ್ಟು ಅಲ್ಲೇ ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ಪೈಪಿನೊಳಗೆ ಸುರುಳಿ ತಂತಿ ಬಿಟ್ಟು ಬಿಡಿಸಬೇಕು.

ಬಿಸಿನೀರು ಹಾಕಿದರೆ ಜಿಡ್ಡು ಹೋಗುವುದಿಲ್ಲ, ಮುಂದಕ್ಕೆ ಹೋಗಿ ತಣಿದು ನಿಮಗೆ ಕೈಗೆಟುಕದ ಜಾಗದಲ್ಲಿ ಗಟ್ಟಿಯಾಗುತ್ತದೆ. ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕುವುದೇ ಸರಿ. ‘ಫ್ಲಶ್ ಮಾಡಬಹುದು’ ಎಂದು ಬರೆದ ಒದ್ದೆ ಒರೆಸುಬಟ್ಟೆಗಳೂ ಕಮೋಡಿಗೆ ಬೇಡ. ಟಾಯ್ಲೆಟ್ ಪೇಪರ್ ನೀರಿನಲ್ಲಿ ಬಿಡಿಬಿಡಿಯಾಗುತ್ತದೆ, ಒರೆಸುಬಟ್ಟೆ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ.

ಸದ್ದು, ಕಾಣದ ಸೋರಿಕೆ, ವಾಲ್ವ್

ನಲ್ಲಿ ಥಟ್ಟನೆ ಮುಚ್ಚಿದಾಗ ಗೋಡೆಯೊಳಗೆ ದಡ್ ಎಂದರೆ ಅದು ಗಾಳಿಯಲ್ಲ, ಓಡುತ್ತಿದ್ದ ನೀರು ಗೋಡೆಗೆ ಢಿಕ್ಕಿ ಹೊಡೆದಂತೆ ನಿಂತ ಸದ್ದು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಉಕ್ಕಿನ ಪೈಪಿನಲ್ಲಿ ಒಮ್ಮೆಗೇ ನಿಂತರೆ ಕ್ಷಣಕಾಲ 12 ಬಾರ್‌ನಷ್ಟು ಹೆಚ್ಚುವರಿ ಒತ್ತಡ ಏಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅದರ ಮೂರನೇ ಒಂದರಷ್ಟು. ಪೈಪನ್ನು ಕ್ಲಾಂಪಿನಿಂದ ಆಧರಿಸಿ, ನಿಧಾನ ಮುಚ್ಚಿ, ಪ್ರೆಷರ್ ಪಂಪಿನ ಒತ್ತಡ ಇಳಿಸಿ.

ಸೋರಿಕೆ ಎಂದರೆ ನೆಲ ಒದ್ದೆಯಾಗಬೇಕೆಂದಿಲ್ಲ. ಫ್ಲಶ್ ಟ್ಯಾಂಕಿನಿಂದ ಕಮೋಡಿಗೆ ಸದ್ದಿಲ್ಲದೆ ಹರಿಯುವ ನೀರು ಕಣ್ಣಿಗೆ ಬೀಳುವುದೇ ಇಲ್ಲ. ಟ್ಯಾಂಕಿಗೆ ಕೆಲವು ಹನಿ ಅಡುಗೆ ಬಣ್ಣ ಹಾಕಿ 20 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ತಳದ ರಬ್ಬರ್ ಸೀಲ್ ಹೋಗಿದೆ, ಅಥವಾ ನೀರಿನ ಮಟ್ಟ ಹೆಚ್ಚಾದ ನೀರು ಇಳಿದುಹೋಗುವ ಒಳಗಿನ ಕೊಳವೆಯ ಬಾಯಿ ಮೀರುತ್ತಿದೆ. ಮಟ್ಟ ಆ ಬಾಯಿಗಿಂತ 25 ಮಿ.ಮೀ. ಕೆಳಗಿರುವಂತೆ ತೇಲುಚೆಂಡನ್ನು ಹೊಂದಿಸಿ. ನೀರು ಉಳಿಸಲು ಟ್ಯಾಂಕಿನಲ್ಲಿ ಇಟ್ಟಿಗೆ ಇಡುವವರು ಅದನ್ನು ತೆಗೆದುಬಿಡಿ. ಕರಗಿದ ಪುಡಿ ಅದೇ ಸೀಲಿನ ಮೇಲೆ ಕೂರುತ್ತದೆ.

ಇಡೀ ಮನೆಯ ಸೋರಿಕೆ ನೋಡಲು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಪಂಪು ಆರಿಸಿ, ಟ್ಯಾಂಕಿಗೆ ನೀರು ಬರುವ ವಾಲ್ವ್ ಕಟ್ಟಿ, ಮಟ್ಟಕ್ಕೆ ಗುರುತು ಹಾಕಿ. ಒಂದು ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಬೆಳಗಿನ ಹೊತ್ತಿಗೆ ಒಂದು ಸೆಂಟಿಮೀಟರ್ ಇಳಿದಿದ್ದರೆ ಹೋದದ್ದು ಸುಮಾರು 8 ಲೀಟರ್. ಬಳಿಕ ಒಂದೊಂದು ಕವಲಿನ ವಾಲ್ವನ್ನೇ ಮುಚ್ಚುತ್ತ ಮತ್ತೆ ಅಳೆದರೆ ಯಾವ ಕವಲು ಎಂದು ಸಿಕ್ಕಿಬೀಳುತ್ತದೆ.

ಇದೆಲ್ಲ ನಡೆಯಬೇಕಾದರೆ ವಾಲ್ವುಗಳು ತಿರುಗಬೇಕಲ್ಲ. ಗೇಟ್ ವಾಲ್ವ್ ಮತ್ತು ಬಾಲ್ ವಾಲ್ವ್ (ಕಾಲು ಸುತ್ತಿಗೆ ಮುಚ್ಚುವಂಥದ್ದು) ಇರುವುದು ಪೂರ್ತಿ ತೆರೆಯಲು ಅಥವಾ ಪೂರ್ತಿ ಮುಚ್ಚಲು. ಅರ್ಧ ತೆರೆದು ಹರಿವು ಹೊಂದಿಸಿದರೆ ನುಗ್ಗುವ ನೀರು ಅಂಚನ್ನು ಕೊರೆದು, ಬೇಕಾದ ದಿನ ಅದು ಮುಚ್ಚುವುದಿಲ್ಲ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಮುಚ್ಚಿ ತೆರೆಯಿರಿ. ಗೇಟ್ ವಾಲ್ವನ್ನು ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಟ್ಟರೆ ಅದು ಕಚ್ಚಿಕೊಳ್ಳುವುದಿಲ್ಲ. ಯಾವ ವಾಲ್ವ್ ಯಾವ ಕಡೆಗೆಂದು ಚೀಟಿ ಬರೆದು ಕಟ್ಟಿ, ಮನೆಯ ಮಕ್ಕಳಿಗೂ ತೋರಿಸಿ. ಪೈಪು ಒಡೆದರೆ ಮೊದಲು ಗೀಸರಿನ ಸ್ವಿಚ್ಚು ಮತ್ತು ಪಂಪಿನ ಸ್ವಿಚ್ಚು, ಅದೂ ಒಣ ಕೈಯಲ್ಲಿ, ಒಣ ನೆಲದ ಮೇಲೆ ನಿಂತು. ಆಮೇಲೆ ಟ್ಯಾಂಕಿನ ಬುಡದ ವಾಲ್ವ್. ಕೊನೆಗೆ ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ಪೂರ್ತಿ ತೆರೆದುಬಿಡಿ, ಪೈಪಿನಲ್ಲಿ ಉಳಿದ ನೀರು ಒಡೆದ ಜಾಗದ ಬದಲು ಅಲ್ಲಿಂದ ಇಳಿದುಹೋಗುತ್ತದೆ.